ಮದ್ದು ಬಂದರೂ ಮಾಸದ ಕಳಂಕ: ಕುಷ್ಠರೋಗದ ಚರಿತ್ರೆ ಮತ್ತು ನಮ್ಮ ಹೊಣೆ

ಪ್ರವಾದಿ ಮುಹಮ್ಮದ್(ಸ)ರ ಸಹಾಬಿಗಳಲ್ಲಿ ಮುಅಯ್‌ಕೀಬ್(ರ) ಎಂಬವರ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಪರಿಚಿತವಲ್ಲ. ಮಕ್ಕಾದ ಸಂಕಷ್ಟದ ದಿನಗಳಲ್ಲೇ ಇಸ್ಲಾಮ್ ಸ್ವೀಕರಿಸಿದವರು ಅವರು. ಪ್ರವಾದಿವರ್ಯರ(ಸ) ಮುದ್ರೆಯುಂಗುರವು ಅವರ ವಶದಲ್ಲಿ ಇರುತ್ತಿತ್ತು. ಮುಂದೆ ಖಲೀಫ ಉಮರ್(ರ) ಅವರನ್ನು ಬೈತುಲ್ ಮಾಲ್‌ನ, ಅಂದರೆ ಸಾರ್ವಜನಿಕ ಖಜಾನೆಯ ಹೊಣೆಗೆ ನೇಮಿಸಿದರು. ಒಂದು ರಾಜ್ಯದಲ್ಲಿ ಅತ್ಯಂತ ವಿಶ್ವಾಸದ ಎರಡು ವಸ್ತುಗಳು ಮುದ್ರೆ ಮತ್ತು ಖಜಾನೆ. ಆ ಎರಡನ್ನೂ ಕಾಪಾಡಿದ ಈ ವ್ಯಕ್ತಿಗೆ ಕುಷ್ಠರೋಗವಿತ್ತು.

ಇಬ್ನ್ ಸಅದ್‌ರ ಚರಿತ್ರೆ ಗ್ರಂಥದಲ್ಲಿ ಬರುವ ವರದಿಗಳ ಪ್ರಕಾರ, ಉಮರ್(ರ) ಅವರನ್ನು ತಮ್ಮ ಜೊತೆ ಊಟಕ್ಕೆ ಕುಳ್ಳಿರಿಸಿಕೊಳ್ಳುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಒಂದು ಈಟಿಯಷ್ಟು ದೂರ ಕೂರಬೇಕಿತ್ತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಲೇ ಹತ್ತಿರ ಕರೆಯುತ್ತಿದ್ದರು. ಮದ್ದು ಬಲ್ಲವರೆಂದು ಕೇಳಿಬಂದವರನ್ನೆಲ್ಲ ವಿಚಾರಿಸುತ್ತಿದ್ದರು. ಕೊನೆಗೆ ಯಮನ್‌ನಿಂದ ಬಂದ ಇಬ್ಬರು, ಈ ರೋಗವನ್ನು ಪೂರ್ತಿ ಗುಣಪಡಿಸಲಾಗದು, ಹೆಚ್ಚಾಗದಂತೆ ತಡೆಯಬಹುದು ಎಂದರು. ಹನ್‌ಝಲ್ ಎಂಬ ಕಹಿ ಕಾಯಿಯನ್ನು ಸೀಳಿ ಅವರ ಅಂಗಾಲುಗಳಿಗೆ ತಿಕ್ಕಿದರು. ಆ ಬಳಿಕ ರೋಗವು ಮುಂದುವರಿಯಲಿಲ್ಲ ಎಂದು ವರದಿ ಹೇಳುತ್ತದೆ.

ಈ ಘಟನೆಯಲ್ಲಿ ಮೂರು ಸಂಗತಿಗಳಿವೆ: ರೋಗದ ಬಗ್ಗೆ ಎಚ್ಚರ, ರೋಗಿಯ ಬಗ್ಗೆ ಆದರ, ಮದ್ದಿನ ಹುಡುಕಾಟ. ಕುಷ್ಠರೋಗದ ಸುದೀರ್ಘ ಚರಿತ್ರೆಯನ್ನು ಅವಲೋಕಿಸಿದರೆ, ಈ ಮೂರೂ ಒಂದೆಡೆ ಕೂಡಿದ ಕಾಲಗಳು ಬಹಳ ಕಡಿಮೆ ಎಂಬುದು ಮನದಟ್ಟಾಗುತ್ತದೆ. ಎಚ್ಚರವಿದ್ದಲ್ಲಿ ಆದರವಿರಲಿಲ್ಲ. ಮದ್ದು ಸಿಕ್ಕ ಮೇಲೂ ಆದರ ಬರಲಿಲ್ಲ. ಇಂದು ನಮ್ಮ ಮನೆ, ಮೊಹಲ್ಲಾಗಳಲ್ಲಿ ಉಳಿದಿರುವುದು ಈ ಎರಡನೆಯ ಕೊರತೆ. ಆದ್ದರಿಂದಲೇ ಈ ಚರಿತ್ರೆಯನ್ನು ನಾವು ತಿಳಿಯಬೇಕಾಗಿದೆ.

ಒಂದು ರೋಗ, ಹಲವು ಹೆಸರು

ಅರಬೀ ಭಾಷೆಯಲ್ಲಿ ಕುಷ್ಠಕ್ಕೆ ಜುಝಾಮ್ ಎನ್ನುತ್ತಾರೆ. ಕಡಿದು ಹಾಕು, ತುಂಡರಿಸು ಎಂಬ ಅರ್ಥದ ಧಾತುವಿನಿಂದ ಬಂದ ಪದವಿದು. ಚರ್ಮದ ಮೇಲಿನ ಬಿಳಿ ಕಲೆಗಳಿಗೆ ಬರಸ್ ಎಂಬ ಬೇರೆಯೇ ಪದವಿದೆ. ಅಲ್ಲಾಹನ ಅನುಮತಿಯಿಂದ ಪ್ರವಾದಿ ಈಸಾ(ಅ) ಗುಣಪಡಿಸಿದವರ ಕುರಿತು ಪವಿತ್ರ ಕುರ್‌ಆನ್‌ನ 3:49 ಮತ್ತು 5:110ರಲ್ಲಿ ಹೇಳುವಾಗ ಬಳಕೆಯಾಗಿರುವುದು ಈ ಎರಡನೆಯ ಪದಕ್ಕೆ ಸಂಬಂಧಿಸಿದ ಶಬ್ದ. ಅನುವಾದಗಳಲ್ಲಿ ಅನೇಕ ವೇಳೆ ಎರಡಕ್ಕೂ ಕುಷ್ಠವೆಂದೇ ಬರೆಯಲಾಗುತ್ತದೆ. ಕನ್ನಡದಲ್ಲೂ ಇದೇ ಗೊಂದಲವಿದೆ. ತೊನ್ನು ಯಾರಿಗೂ ಹರಡದ, ನರಗಳನ್ನು ಬಾಧಿಸದ ಕೇವಲ ಬಣ್ಣದ ವ್ಯತ್ಯಾಸ. ಆದರೂ ಅದನ್ನು 'ಶ್ವೇತಕುಷ್ಠ' ಎಂದು ಕರೆದು, ಎಷ್ಟೋ ಹೆಣ್ಣುಮಕ್ಕಳ ವಿವಾಹದ ಮಾತುಕತೆಯನ್ನು ನಾವೇ ಮುರಿದಿದ್ದೇವೆ.

ಕುಷ್ಠ ನಮ್ಮ ಉಪಖಂಡದಲ್ಲಿ ಬಹಳ ಹಳೆಯದು. ರಾಜಸ್ಥಾನದ ಬಾಲಾಥಲ್ ಎಂಬಲ್ಲಿ ಉತ್ಖನನದಲ್ಲಿ ದೊರೆತ, ಸುಮಾರು 4,000 ವರ್ಷಗಳಷ್ಟು ಹಿಂದಿನ ಅಸ್ಥಿಪಂಜರವೊಂದರಲ್ಲಿ ಈ ರೋಗದ ಗುರುತುಗಳಿವೆ ಎಂದು ಸಂಶೋಧಕರು 2009ರಲ್ಲಿ ಪ್ರಕಟಿಸಿದರು. ಸುಶ್ರುತ ಸಂಹಿತೆಯಲ್ಲಿ ಕುಷ್ಠದ ವರ್ಣನೆ ಇದೆ. ಆದರೆ ಆ ಹೆಸರಿನಡಿ ಹಲವು ಚರ್ಮರೋಗಗಳು ಸೇರಿಕೊಂಡಿವೆ. ಹೆಸರಿಸಲು ಅಂಜಿ ಜನರು ಇದನ್ನು ಮಹಾರೋಗವೆಂದೂ ಕರೆದರು.

ಈ ರೋಗವನ್ನು ಪಾಪದ ಫಲವೆಂದು, ದೇವಶಾಪವೆಂದು ನಂಬಿದ ಸಮಾಜಗಳು ಅನೇಕ. ನಮ್ಮ ಸಮುದಾಯವೂ ಇದಕ್ಕೆ ಹೊರತಲ್ಲ. ಪ್ರವಾದಿ ಅಯ್ಯೂಬ್(ಅ)ರ ಕಾಯಿಲೆಯ ಹೆಸರನ್ನು ಕುರ್‌ಆನ್ ಹೇಳುವುದಿಲ್ಲ. ಅವರ ಸಹನೆಯನ್ನೂ ಅಲ್ಲಾಹನು ಅವರಿಗೆ ಮರಳಿ ನೀಡಿದ ಅನುಗ್ರಹವನ್ನೂ ಮಾತ್ರ ಹೇಳುತ್ತದೆ. ಅವರ ದೇಹ ಕೊಳೆತಿತ್ತು, ಊರವರು ಅವರನ್ನು ಹೊರಗೆಸೆದರು ಎಂಬ ವಿವರಗಳನ್ನು ಸೇರಿಸಿದ್ದು ಜನರ ಕಥೆಗಳು. ಅಲ್ಲಾಹನ ಪ್ರೀತಿಪಾತ್ರ ಪ್ರವಾದಿಯೊಬ್ಬರು ಕಾಯಿಲೆಯಿಂದ ಪರೀಕ್ಷಿಸಲ್ಪಟ್ಟರು ಎಂದ ಮೇಲೆ, ರೋಗವನ್ನು ಕಂಡು ರೋಗಿಯ ಪಾಪವನ್ನು ಲೆಕ್ಕ ಹಾಕುವ ಅಧಿಕಾರ ನಮಗೆಲ್ಲಿಂದ ಬಂತು?

ದೂರವೂ ಇತ್ತು, ಆದರವೂ ಇತ್ತು

ಸಿಂಹದಿಂದ ದೂರ ಓಡುವಂತೆ ಕುಷ್ಠರೋಗಿಯಿಂದ ದೂರವಿರಬೇಕೆಂಬ ಆಶಯದ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ತಿರ್ಮಿದಿ ಮತ್ತು ಅಬೂದಾವೂದ್ ಸಂಗ್ರಹಗಳಲ್ಲಿರುವ ಇನ್ನೊಂದು ವರದಿಯಲ್ಲಿ ಪ್ರವಾದಿವರ್ಯರು(ಸ) ಕುಷ್ಠರೋಗಿಯೊಬ್ಬರ ಕೈ ಹಿಡಿದು ತಮ್ಮದೇ ಬಟ್ಟಲಿನಲ್ಲಿ ಉಣ್ಣಲು ಹೇಳಿದರು ಎಂದಿದೆ. ಎರಡನೆಯ ವರದಿಯ ಸರಣಿ ದುರ್ಬಲವೆಂದು ಹಲವು ವಿದ್ವಾಂಸರು ಹೇಳಿದ್ದಾರೆ. ಎರಡನ್ನೂ ಹೊಂದಿಸಿ ವಿವರಿಸಿದವರೂ ಇದ್ದಾರೆ: ಒಂದು ಎಚ್ಚರಿಕೆಯ ಪಾಠ, ಇನ್ನೊಂದು ಅಲ್ಲಾಹನ ಮೇಲಿನ ಭರವಸೆಯ ಪಾಠ. ಮದ್ದೇ ಇಲ್ಲದ ಕಾಲದಲ್ಲಿ ಅಂತರ ಕಾಯ್ದುಕೊಳ್ಳುವುದು ವಿವೇಕವಾಗಿತ್ತು. ಪ್ರಶ್ನೆಯಿರುವುದು ಆ ಅಂತರದ ಸ್ವರೂಪ ಹೇಗಿತ್ತು ಎಂಬಲ್ಲಿ.

ಸಕೀಫ್ ಗೋತ್ರದ ನಿಯೋಗ ಮದೀನಾಕ್ಕೆ ಬಂದಾಗ ಅವರಲ್ಲಿ ಒಬ್ಬರಿಗೆ ಕುಷ್ಠವಿತ್ತು. ಅವರ ಪ್ರತಿಜ್ಞೆಯನ್ನು ಸ್ವೀಕರಿಸಲಾಗಿದೆ, ಅವರು ಮರಳಿ ಹೋಗಬಹುದು ಎಂದು ಪ್ರವಾದಿವರ್ಯರು(ಸ) ಹೇಳಿಕಳುಹಿಸಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಕೈಗೆ ಕೈ ಸೇರಲಿಲ್ಲ, ಆದರೆ ಸಮುದಾಯದ ಸದಸ್ಯತ್ವದಲ್ಲಿ ಕೊರತೆಯಾಗಲಿಲ್ಲ. ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿ ಇನ್ನೊಂದು ಘಟನೆಯಿದೆ. ಕಅಬಾಕ್ಕೆ ಪ್ರದಕ್ಷಿಣೆ ಬರುತ್ತಿದ್ದ ಕುಷ್ಠಪೀಡಿತ ಮಹಿಳೆಯೊಬ್ಬರಿಗೆ ಉಮರ್(ರ), ಜನರಿಗೆ ತೊಂದರೆಯಾಗದಂತೆ ಮನೆಯಲ್ಲಿ ಇರುವುದು ಲೇಸೆಂದು ಮೃದುವಾಗಿ ತಿಳಿಹೇಳಿದರು. ಅವರು ಮನೆಯಲ್ಲಿಯೇ ಉಳಿದರು. ಉಮರ್(ರ) ನಿಧನರಾದ ಬಳಿಕ ಯಾರೋ ಬಂದು, ನಿಮ್ಮನ್ನು ತಡೆದವರು ಈಗಿಲ್ಲ, ಹೊರಡಿ ಎಂದಾಗ ಆ ಮಹಿಳೆ ಒಪ್ಪಲಿಲ್ಲ. ಬದುಕಿದ್ದಾಗ ಮನ್ನಿಸಿದ ಮಾತನ್ನು ತೀರಿಕೊಂಡ ಮೇಲೆ ಮೀರಲಾರೆ ಎಂದರು. ಅವಮಾನಿಸಿದವರ ಮಾತಿಗೆ ಯಾರೂ ಹೀಗೆ ನಡೆದುಕೊಳ್ಳುವುದಿಲ್ಲ.

ಅಂತರದ ಜೊತೆಗೆ ಅನ್ನದ ಹೊಣೆಯೂ ಇತ್ತು. ಸಿರಿಯಾದ ಜಾಬಿಯಾದತ್ತ ಸಾಗುತ್ತಿದ್ದಾಗ ಉಮರ್(ರ) ಕುಷ್ಠಪೀಡಿತ ಕ್ರೈಸ್ತರ ಗುಂಪೊಂದನ್ನು ಕಂಡರು. ಸದಕಾ ನಿಧಿಯಿಂದ ಅವರಿಗೆ ನೆರವು ನೀಡಲು, ಆಹಾರ ಗೊತ್ತುಪಡಿಸಲು ಆಜ್ಞಾಪಿಸಿದರು ಎಂದು ಇತಿಹಾಸಕಾರ ಬಲಾದುರಿ ದಾಖಲಿಸಿದ್ದಾರೆ. ಧರ್ಮ ಯಾವುದೆಂದು ಕೇಳಿ ಆಮೇಲೆ ಅನ್ನ ಕೊಟ್ಟದ್ದಲ್ಲ. ಮುಂದೆ ಉಮವೀ ಖಲೀಫ ವಲೀದ್ ಬಿನ್ ಅಬ್ದುಲ್ ಮಲಿಕ್ (ಆಡಳಿತ 705–715) ಕುಷ್ಠರೋಗಿಗಳಿಗೆ ವೇತನ ನಿಗದಿಪಡಿಸಿ, ಅವರು ಜನರ ಮುಂದೆ ಕೈಯೊಡ್ಡಬಾರದೆಂದು ಆದೇಶಿಸಿದರು. ದಮಾಸ್ಕಸ್‌ನಲ್ಲಿ ಅವರು ಕಟ್ಟಿಸಿದ ಆಸ್ಪತ್ರೆಯನ್ನು ಇಸ್ಲಾಮೀ ಚರಿತ್ರೆಯ ಮೊದಲ ಆಸ್ಪತ್ರೆಯೆಂದು ಇತಿಹಾಸಕಾರ ಮಕ್ರೀಝಿ ಗುರುತಿಸುತ್ತಾರೆ. ಇಬ್ನ್ ಸೀನಾ ತಮ್ಮ ಅಲ್ ಕಾನೂನ್ ಗ್ರಂಥದಲ್ಲಿ ಜುಝಾಮ್‌ಗೆ ಪ್ರತ್ಯೇಕ ವಿವರಣೆ ನೀಡಿದರು. ಅದು ಶಾಪವಾಗಿ ಅಲ್ಲ, ವೈದ್ಯನು ಅಧ್ಯಯನ ಮಾಡಬೇಕಾದ ರೋಗವಾಗಿ ಬರೆಯಲ್ಪಟ್ಟಿತು.

ಆ ಕಾಲದ ಮುಸ್ಲಿಮ್ ಸಮಾಜಗಳಲ್ಲಿ ಕುಷ್ಠರೋಗಿಗಳಿಗೆ ನೋವೇ ಆಗಲಿಲ್ಲವೆಂದು ನಾವು ಹೇಳುತ್ತಿಲ್ಲ. ಊರಾಚೆಯ ವಾಸ, ವೈವಾಹಿಕ ಸಂಬಂಧದ ಬಿರುಕು, ಜನರ ಅಸಹ್ಯ ಅಲ್ಲಿಯೂ ಇದ್ದವು. ಆದರೆ ರೋಗಿಯ ಹೊಣೆ ಸಮುದಾಯದ ಮೇಲಿದೆ ಎಂಬ ತತ್ವವನ್ನು ಆಳುವವರು ಒಪ್ಪಿಕೊಂಡಿದ್ದರು.

ಭಯವು ಬೆಂಕಿಯಾದಾಗ

ಮಧ್ಯಯುಗದ ಯುರೋಪಿನಲ್ಲಿ ಕುಷ್ಠ ವ್ಯಾಪಕವಾಗಿತ್ತು. ಅಲ್ಲಿಯೂ ಚರ್ಚಿನ ದಾನದಿಂದ ನಡೆಯುವ ನೂರಾರು ಆಶ್ರಯಗಳಿದ್ದವು. 1179ರ ಮೂರನೆಯ ಲ್ಯಾಟೆರನ್ ಸಭೆಯು, ಆರೋಗ್ಯವಂತರ ಜೊತೆ ಸೇರಲಾಗದ ಕುಷ್ಠರೋಗಿಗಳಿಗೆ ತಮ್ಮದೇ ಪ್ರಾರ್ಥನಾಲಯ ಮತ್ತು ಸ್ಮಶಾನ ಇರಬೇಕೆಂದು ವಿಧಿಸಿತು. ಸೌಕರ್ಯವೆಂದು ಕೊಟ್ಟದ್ದು ಪ್ರತ್ಯೇಕತೆಗೂ ಮುದ್ರೆಯೊತ್ತಿತು. ಅದೇ ವರ್ಷಗಳಲ್ಲಿ ಜೆರುಸಲೇಮಿನ ಕ್ರೈಸ್ತ ಸಿಂಹಾಸನದ ಮೇಲಿದ್ದವನು ಕುಷ್ಠಪೀಡಿತ ದೊರೆ ನಾಲ್ಕನೆಯ ಬಾಲ್ಡ್‌ವಿನ್. ಬಾಲ್ಯದಲ್ಲಿ ಜೊತೆಗಾರರು ಆಟದಲ್ಲಿ ಚಿವುಟಿದಾಗ ಇತರ ಹುಡುಗರು ಕೂಗಿಕೊಳ್ಳುತ್ತಿದ್ದರು, ಇವನು ಮಾತ್ರ ಸುಮ್ಮನಿರುತ್ತಿದ್ದ. ಮೊದಲು ಸಹನೆಯೆಂದು ತಿಳಿದ ಗುರು ವಿಲಿಯಂ ಆಫ್ ಟೈರ್, ಬಳಿಕ ಅವನ ತೋಳಿಗೆ ಸ್ಪರ್ಶಜ್ಞಾನವೇ ಇಲ್ಲವೆಂದು ಅರಿತರು. ಸುಲ್ತಾನ್ ಸಲಾಹುದ್ದೀನ್‌ರನ್ನು ರಣರಂಗದಲ್ಲಿ ಎದುರಿಸಿದ ಈ ದೊರೆ 1185ರಲ್ಲಿ ತೀರಿಕೊಂಡ. ರೋಗವು ಅರಸನನ್ನೂ ಬಿಡಲಿಲ್ಲ. ಆದರೆ ಅರಸನನ್ನು ಯಾರೂ ಊರಾಚೆ ಅಟ್ಟಲಿಲ್ಲ.

ಬಡವರ ಗತಿ ಬೇರೆಯಾಗಿತ್ತು. 1321ರಲ್ಲಿ ಫ್ರಾನ್ಸಿನಲ್ಲಿ ಒಂದು ವದಂತಿ ಹಬ್ಬಿತು. ಕುಷ್ಠರೋಗಿಗಳು ಬಾವಿಗಳಿಗೆ ವಿಷ ಹಾಕುತ್ತಿದ್ದಾರೆ, ಅವರ ಹಿಂದೆ ಯಹೂದಿಯರಿದ್ದಾರೆ, ಹಣ ಕೊಟ್ಟವನು ಗ್ರಾನಡಾದ ಮುಸ್ಲಿಮ್ ದೊರೆ ಎಂದು ಕಥೆ ಕಟ್ಟಲಾಯಿತು. ಹಿಂಸೆ ಕೊಟ್ಟು ತಪ್ಪೊಪ್ಪಿಗೆ ಪಡೆಯಲಾಯಿತು. ದೊರೆ ಐದನೆಯ ಫಿಲಿಪ್‌ನ ಆಜ್ಞೆಯೂ ಹೊರಟಿತು. ಅನೇಕ ರೋಗಿಗಳನ್ನು ಜೀವಂತ ಸುಡಲಾಯಿತು, ಯಹೂದಿಯರನ್ನೂ ಕೊಲ್ಲಲಾಯಿತು. ರೋಗದ ಭಯಕ್ಕೂ ಅನ್ಯರ ದ್ವೇಷಕ್ಕೂ ಗಂಟು ಹಾಕುವುದು ಎಷ್ಟು ಸುಲಭವೆಂದು ಇದರಿಂದ ತಿಳಿಯುತ್ತದೆ. ಸಾಂಕ್ರಾಮಿಕದ ಕಾಲದಲ್ಲಿ ಒಂದು ಸಮುದಾಯದ ಮೇಲೆ ಬೆರಳು ತೋರಿಸಲಾದ ನೋವನ್ನು ಕಂಡಿರುವ ನಮಗೆ ಈ ಚರಿತ್ರೆ ಅಪರಿಚಿತವೆನಿಸದು. ಹಾಗಿರುವಾಗ, ರೋಗಿಗಳ ಬಗೆಗಿನ ವದಂತಿಯನ್ನು ಮುಂದಕ್ಕೆ ದಾಟಿಸುವ ಮೊದಲು ಎಲ್ಲರಿಗಿಂತ ಹೆಚ್ಚು ಯೋಚಿಸಬೇಕಾದವರು ನಾವು.

ಬರ್ಗೆನ್ ನಗರದ ಸಂಶೋಧನೆ

ಹದಿನಾರನೆಯ ಶತಮಾನದ ಹೊತ್ತಿಗೆ ಯುರೋಪಿನ ಬಹುಭಾಗದಲ್ಲಿ ಕುಷ್ಠ ಕ್ಷೀಣಿಸಿತು. ಉಳಿದ ಪ್ರದೇಶಗಳಲ್ಲಿ ನಾರ್ವೆ ಮುಖ್ಯವಾದುದು. ಅಲ್ಲಿನ ಬರ್ಗೆನ್ ನಗರದಲ್ಲಿ ಡೇನಿಯಲ್ಸನ್ ಎಂಬ ವೈದ್ಯರು 1847ರಲ್ಲಿ ಬೋಕ್ ಎಂಬವರೊಂದಿಗೆ ಈ ರೋಗದ ಕುರಿತು ಮಹತ್ವದ ಗ್ರಂಥ ಹೊರತಂದರು. ರೋಗವು ವಂಶಪಾರಂಪರ್ಯವಾಗಿ ಬರುತ್ತದೆ ಎಂಬುದು ಅವರ ದೃಢ ನಂಬಿಕೆಯಾಗಿತ್ತು. ಅದನ್ನು ತೋರಿಸಲು ರೋಗಿಯ ಗಂಟಿನ ದ್ರವವನ್ನು ತಮ್ಮ ದೇಹಕ್ಕೇ ಸೇರಿಸಿಕೊಂಡರು, ರೋಗ ಬರಲಿಲ್ಲ. 1856ರಲ್ಲಿ ನಾರ್ವೆ ದೇಶವ್ಯಾಪಿ ರೋಗಿಗಳ ದಾಖಲೆ ಪುಸ್ತಕವನ್ನು ಆರಂಭಿಸಿತು.

ಆ ದಾಖಲೆಗಳನ್ನು ಅಭ್ಯಸಿಸಿದ ಡೇನಿಯಲ್ಸನ್‌ರ ಅಳಿಯ ಗೆರ್ಹಾರ್ಡ್ ಅರ್ಮೌರ್ ಹ್ಯಾನ್ಸೆನ್‌ಗೆ, ಇದು ರಕ್ತಸಂಬಂಧದಿಂದ ಬರುವುದಲ್ಲ, ಹರಡುವ ರೋಗ ಎಂಬ ಸಂಶಯ ಮೂಡಿತು. 1873ರಲ್ಲಿ ಅವರು ರೋಗಿಗಳ ಗಂಟಿನಿಂದ ತೆಗೆದ ದ್ರವದಲ್ಲಿ ಸೂಕ್ಷ್ಮದರ್ಶಕದಡಿ ಸಣ್ಣ ಕಡ್ಡಿಯಾಕಾರದ ಜೀವಾಣುಗಳನ್ನು ಕಂಡರು. ಮನುಷ್ಯನ ದೀರ್ಘಕಾಲೀನ ರೋಗವೊಂದಕ್ಕೆ ಬ್ಯಾಕ್ಟೀರಿಯಾ ಕಾರಣವೆಂದು ಗುರುತಿಸಿದ ಮೊದಮೊದಲ ಸಂಶೋಧನೆಗಳಲ್ಲಿ ಇದೂ ಒಂದು. ಸಾವಿರಾರು ವರ್ಷ ಶಾಪವೆಂದು ಕರೆಯಲ್ಪಟ್ಟದ್ದು ಒಂದು ಜೀವಾಣುವಿನ ಕೆಲಸವಾಗಿತ್ತು.

ಆದರೆ ಈ ಸಾಧನೆಗೆ ಒಂದು ಕಪ್ಪು ಚುಕ್ಕೆ ಅಂಟಿದೆ. ರೋಗ ಹರಡುತ್ತದೆಂದು ಸಾಬೀತುಪಡಿಸುವ ಆತುರದಲ್ಲಿ ಹ್ಯಾನ್ಸೆನ್ 1879ರಲ್ಲಿ ಆಸ್ಪತ್ರೆಯ ಮಹಿಳಾ ರೋಗಿಯೊಬ್ಬರ ಕಣ್ಣಿಗೆ, ಅವರ ಅನುಮತಿ ಪಡೆಯದೆ, ಇನ್ನೊಬ್ಬ ರೋಗಿಯ ದ್ರವವನ್ನು ಚುಚ್ಚಿದರು. ಆ ಮಹಿಳೆ ಸುಮ್ಮನಿರಲಿಲ್ಲ, ದೂರಿತ್ತರು. ನ್ಯಾಯಾಲಯವು 1880ರಲ್ಲಿ ಹ್ಯಾನ್ಸೆನ್‌ರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ಅವರು ಆಸ್ಪತ್ರೆಯ ಹುದ್ದೆಯನ್ನು ಕಳಕೊಂಡರು. ಮಾವ ಸ್ವಂತ ದೇಹದ ಮೇಲೆ ಮಾಡಿಕೊಂಡ ಪ್ರಯೋಗವನ್ನು ಅಳಿಯ ಅನ್ಯರ ದೇಹದ ಮೇಲೆ ಮಾಡಿದರು. ಕುಷ್ಠರೋಗಿಯ ದೇಹಕ್ಕೂ ಹಕ್ಕುಗಳಿವೆ ಎಂದು ಅಂದು ಲೋಕಕ್ಕೆ ಹೇಳಿದವರು ಆ ಬಡ ಮಹಿಳೆ.

ದ್ವೀಪಗಳು ಮತ್ತು ಕಾಯ್ದೆಗಳು

ಜೀವಾಣು ಕಂಡುಬಂದುದರಿಂದ ತಕ್ಷಣ ಬಂದದ್ದು ಮದ್ದಲ್ಲ, ಬಂಧನ. ಹವಾಯಿಯಲ್ಲಿ 1866ರಿಂದಲೇ ರೋಗಿಗಳನ್ನು ಮೊಲೊಕಾಯ್ ದ್ವೀಪದ ಒಂದು ಮೂಲೆಗೆ ಸಾಗಿಸಲಾಗುತ್ತಿತ್ತು. ಹಿಂದೆ ಕಡಿದಾದ ಪರ್ವತ, ಮುಂದೆ ಸಮುದ್ರ. 1969ರಲ್ಲಿ ಈ ನಿರ್ಬಂಧ ಕೊನೆಗೊಳ್ಳುವವರೆಗೆ ಸುಮಾರು 8,000 ಮಂದಿ ಅಲ್ಲಿಗೆ ಕಳುಹಿಸಲ್ಪಟ್ಟರು. 1873ರಲ್ಲಿ ಅಲ್ಲಿಗೆ ಹೋದ ಬೆಲ್ಜಿಯಮ್‌ನ ಪಾದ್ರಿ ಡೇಮಿಯನ್ ಅವರ ಮನೆ ಕಟ್ಟಿದರು, ಗಾಯ ತೊಳೆದರು, ಗೋರಿ ತೋಡಿದರು. ಕೊನೆಗೆ ತಾವೂ ಅದೇ ರೋಗದಿಂದ 1889ರಲ್ಲಿ ಮಡಿದರು. ಅನ್ಯಧರ್ಮೀಯರ ಸತ್ಕಾರ್ಯವನ್ನು ಮನಃಪೂರ್ವಕ ಸ್ಮರಿಸುವುದು ನಮ್ಮ ಧರ್ಮ ಕಲಿಸಿದ ನ್ಯಾಯವೇ ಆಗಿದೆ.

ಡೇಮಿಯನ್‌ರ ಮರಣವು ಬ್ರಿಟನ್ನಿನಲ್ಲಿ ಸಂಚಲನ ಮೂಡಿಸಿತು. ಅದರ ಫಲವಾಗಿ 1890–91ರಲ್ಲಿ ಕುಷ್ಠರೋಗ ಆಯೋಗವೊಂದು ಭಾರತದಲ್ಲಿ ಸಂಚರಿಸಿ ಅಧ್ಯಯನ ನಡೆಸಿತು. ರೋಗ ಹರಡುವ ಸಾಧ್ಯತೆ ಬಹಳ ಕಡಿಮೆ, ಬಲವಂತದ ಪ್ರತ್ಯೇಕತೆ ಅಗತ್ಯವಿಲ್ಲ ಎಂಬುದು ಅದರ ಅಭಿಪ್ರಾಯವಾಗಿತ್ತು. ಆದರೆ ಭಯವು ವರದಿಗಳನ್ನು ಓದುವುದಿಲ್ಲ. 1897ರಲ್ಲಿ ಬರ್ಲಿನ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ಸಮ್ಮೇಳನವು ಪ್ರತ್ಯೇಕತೆಯನ್ನು ಎತ್ತಿಹಿಡಿಯಿತು. 1898ರಲ್ಲಿ ಇಲ್ಲಿ ಲೆಪರ್ಸ್ ಆ್ಯಕ್ಟ್ ಜಾರಿಗೆ ಬಂತು. ಬಡ ಕುಷ್ಠರೋಗಿಯನ್ನು ವಾರಂಟ್ ಇಲ್ಲದೆಯೇ ಪೊಲೀಸರು ಹಿಡಿಯಬಹುದಿತ್ತು. ಮಾರಾಟಕ್ಕೆಂದು ಆಹಾರ ತಯಾರಿಸುವುದು, ಸಾರ್ವಜನಿಕ ಬಾವಿ ಕೆರೆಗಳಲ್ಲಿ ಸ್ನಾನ ಮಾಡುವುದು ಮುಂತಾದವುಗಳನ್ನು ನಿಷೇಧಿಸುವ ಅಧಿಕಾರ ಸರಕಾರಕ್ಕೆ ದೊರೆಯಿತು. ಕಾಯ್ದೆ ಹಿಡಿದದ್ದು ರೋಗವನ್ನಲ್ಲ, ಬಡತನವನ್ನು. ಖಜಾನೆ ಕಾಯ್ದ ಮುಅಯ್‌ಕೀಬ್(ರ) ಇಲ್ಲಿ ಬಡವರಾಗಿ ಹುಟ್ಟಿದ್ದರೆ ಅವರನ್ನೂ ಹಿಡಿದೊಯ್ಯಬಹುದಿತ್ತು.

ಇದೇ ಕಾಲದಲ್ಲಿ ಸೇವೆಯ ಮಾರ್ಗವೂ ತೆರೆಯಿತು. ನಮ್ಮ ಕರಾವಳಿಯ ಮಂಗಳೂರಿನಲ್ಲಿ, ಕಂಕನಾಡಿಯ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರ ಔಷಧಾಲಯವನ್ನು ಆರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯವನ್ನು ತೆರೆದರು. ಇಂದು ಆ ಊರಿನ ದೊಡ್ಡ ಆಸ್ಪತ್ರೆಗಳಲ್ಲಿ ಒಂದಾಗಿರುವ ಆ ಸಂಸ್ಥೆಗೆ ಹೋಗುವ ನಮ್ಮವರಲ್ಲಿ ಎಷ್ಟು ಮಂದಿಗೆ ಅದರ ಈ ಹಿನ್ನೆಲೆ ತಿಳಿದಿದೆ?

ಮದ್ದು ಬಂತು

ಬಹುಕಾಲ ಬಳಕೆಯಲ್ಲಿದ್ದ ಮದ್ದೆಂದರೆ ಚಾಲ್‌ಮೂಗ್ರ ಎಣ್ಣೆ. ಅದೇ ಕುಲದ ಮರವು ನಮ್ಮ ಪಶ್ಚಿಮಘಟ್ಟಗಳಲ್ಲೂ ಬೆಳೆಯುತ್ತದೆ, ಗರುಡಫಲವೆಂದು ಕರೆಯುತ್ತಾರೆ. ಕುಡಿದರೆ ವಾಂತಿ, ಚುಚ್ಚಿದರೆ ಅಸಹನೀಯ ನೋವು. ಹವಾಯಿಯಲ್ಲಿ ಆಲಿಸ್ ಬಾಲ್ ಎಂಬ ಯುವ ರಸಾಯನ ವಿಜ್ಞಾನಿ 1915ರ ಸುಮಾರಿಗೆ ಈ ಎಣ್ಣೆಯನ್ನು ಸುಲಭವಾಗಿ ಚುಚ್ಚಬಹುದಾದ ರೂಪಕ್ಕೆ ತಂದರು. ಆದರೂ ಅದು ಖಚಿತ ಪರಿಹಾರವಾಗಿರಲಿಲ್ಲ.

ನಿಜವಾದ ತಿರುವು 1941ರಲ್ಲಿ ಬಂತು. ಅಮೆರಿಕದ ಕಾರ್ವಿಲ್ ಆಸ್ಪತ್ರೆಯಲ್ಲಿ ಗೈ ಫ್ಯಾಗೆಟ್ ಎಂಬ ವೈದ್ಯರು ಸಲ್ಫೋನ್ ವರ್ಗದ ಪ್ರೋಮಿನ್ ಚುಚ್ಚುಮದ್ದನ್ನು ಪ್ರಯೋಗಿಸಿದಾಗ ರೋಗಿಗಳಲ್ಲಿ ಸುಧಾರಣೆ ಕಂಡಿತು. ಅದೇ ವರ್ಗದ ಡ್ಯಾಪ್ಸೋನ್ ಮಾತ್ರೆ ಅಗ್ಗದ ದರದಲ್ಲಿ ಜಗತ್ತಿಗೆ ತಲುಪಿತು. ಆದರೆ ವರ್ಷಗಟ್ಟಲೆ, ಅನೇಕರಿಗೆ ಜೀವನವಿಡೀ ಒಂದೇ ಮಾತ್ರೆ ನುಂಗಬೇಕಾಗಿತ್ತು. 1960ರ ದಶಕದಲ್ಲಿ ಜೀವಾಣುಗಳು ಡ್ಯಾಪ್ಸೋನ್‌ಗೆ ಬಗ್ಗದಾದವು. ಕೊನೆಗೆ 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಡ್ಯಾಪ್ಸೋನ್, ರಿಫಾಂಪಿಸಿನ್, ಕ್ಲೋಫಾಜಿಮಿನ್ ಇವುಗಳನ್ನು ಒಟ್ಟಾಗಿ ನೀಡುವ ಬಹು ಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿದರು. ಒಂದು ಔಷಧದಿಂದ ತಪ್ಪಿಸಿಕೊಂಡ ಜೀವಾಣು ಇನ್ನೊಂದಕ್ಕೆ ಸಿಲುಕುತ್ತದೆ. ರೋಗದ ತೀವ್ರತೆಗೆ ಅನುಗುಣವಾಗಿ 6 ಅಥವಾ 12 ತಿಂಗಳಲ್ಲಿ ಚಿಕಿತ್ಸೆ ಮುಗಿಯುತ್ತದೆ. 1995ರಿಂದ ಈ ಔಷಧ ಜಗತ್ತಿನಾದ್ಯಂತ ಉಚಿತ.

ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರಚಿಕಿತ್ಸಕರು ಇನ್ನೊಂದು ಸತ್ಯವನ್ನು ಬಯಲಿಗೆ ತಂದರು. ಕುಷ್ಠರೋಗಿಯ ಬೆರಳುಗಳು ತಾವಾಗಿ ಕೊಳೆತು ಉದುರುವುದಿಲ್ಲ. ಜೀವಾಣು ನರಗಳನ್ನು ಕೆಡಿಸುವುದರಿಂದ ನೋವು ತಿಳಿಯುವುದಿಲ್ಲ. ಬಿಸಿ ಪಾತ್ರೆ ಸುಟ್ಟರೂ, ಮುಳ್ಳು ಚುಚ್ಚಿದರೂ, ರಾತ್ರಿ ಇಲಿ ಕಚ್ಚಿದರೂ ಅರಿವಾಗುವುದಿಲ್ಲ. ಗಾಯದ ಮೇಲೆ ಗಾಯವಾಗಿ ಅಂಗ ಸವೆಯುತ್ತದೆ. ಅವರು ಸ್ನಾಯುರಜ್ಜುಗಳನ್ನು ಸ್ಥಳಾಂತರಿಸಿ ಮುದುಡಿದ ಕೈಗಳನ್ನು ಮತ್ತೆ ಕೆಲಸಕ್ಕೆ ಒದಗಿಸಿದರು. ನಾವು ದಿನವೂ ದೂರುವ ನೋವು ಕೂಡಾ ಅಲ್ಲಾಹನ ದೊಡ್ಡ ಅನುಗ್ರಹವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವುದು ತಿಳಿಸೀತು?

'ನಿರ್ಮೂಲನೆ' ಎಂಬ ಮಾತಿನ ಅರ್ಥ

1991ರಲ್ಲಿ ವಿಶ್ವ ಆರೋಗ್ಯ ಸಭೆಯು 2000ದೊಳಗೆ ಕುಷ್ಠವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿರ್ಮೂಲನ ಮಾಡುವ ಗುರಿಯಿಟ್ಟಿತು. ಅಂದರೆ ಚಿಕಿತ್ಸೆಯಲ್ಲಿರುವ ರೋಗಿಗಳ ಪ್ರಮಾಣ 10,000 ಜನರಿಗೆ ಒಂದಕ್ಕಿಂತ ಕಡಿಮೆಯಾಗುವುದು. ಭಾರತದಲ್ಲಿ 1955ರಲ್ಲಿ ನಿಯಂತ್ರಣ ಕಾರ್ಯಕ್ರಮವೂ 1983ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮವೂ ಆರಂಭವಾದವು. 1983ರಲ್ಲಿ 10,000ಕ್ಕೆ 57.8ರಷ್ಟಿದ್ದ ಪ್ರಮಾಣವು 2005ರ ಡಿಸೆಂಬರಿನಲ್ಲಿ ಒಂದಕ್ಕಿಂತ ಕೆಳಗಿಳಿಯಿತು. ಮನೆ ಮನೆ ತಿರುಗಿ ಚರ್ಮ ಪರೀಕ್ಷಿಸಿದ, ಮಾತ್ರೆ ತಲುಪಿಸಿದ ಸಾವಿರಾರು ಆರೋಗ್ಯ ಕಾರ್ಯಕರ್ತರ ದುಡಿಮೆ ಅದರ ಹಿಂದಿದೆ.

ಆದರೆ ನಿರ್ಮೂಲನೆ ಎಂದರೆ ಅಳಿದುಹೋಯಿತು ಎಂದು ಜನರು ತಿಳಿದರು. ಅದು ತಪ್ಪು. ಕೋವಿಡ್‌ಗೆ ಮುನ್ನ, 2019ರಲ್ಲಿ ಜಗತ್ತಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು ಪತ್ತೆಯಾದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತೀಯರು. ಅವರಲ್ಲಿ ಮಕ್ಕಳೂ ಇದ್ದಾರೆ. ಮಗುವಿಗೆ ರೋಗ ತಗಲಿದೆಯೆಂದರೆ ಚಿಕಿತ್ಸೆ ಪಡೆಯದ ರೋಗಿಯೊಬ್ಬರು ಹತ್ತಿರದಲ್ಲೇ ಇದ್ದಾರೆ ಎಂದರ್ಥ. ಅವರು ಚಿಕಿತ್ಸೆ ಪಡೆಯದಿರಲು ಅನೇಕ ವೇಳೆ ಕಾರಣ ಔಷಧದ ಕೊರತೆಯಲ್ಲ, ಹೆಸರು ಹೊರಬೀಳುವ ಅಂಜಿಕೆ.

ಛಲವಿದ್ದರೆ ಏನಾಗಬಹುದು ಎಂಬುದಕ್ಕೆ ಎರಡು ನಿದರ್ಶನಗಳಿವೆ. ಜರ್ಮನಿಯ ವೈದ್ಯೆ, ಕ್ರೈಸ್ತ ಸನ್ಯಾಸಿನಿ ರುತ್ ಫೌ 1960ರಲ್ಲಿ ಕರಾಚಿಗೆ ಬಂದು ಅಲ್ಲಿನ ಕುಷ್ಠರೋಗಿಗಳ ಕೊಳೆಗೇರಿಯ ಸ್ಥಿತಿ ಕಂಡು ಅಲ್ಲೇ ನೆಲೆಸಿದರು. ದೂರದ ಬೆಟ್ಟಗಾಡುಗಳಲ್ಲಿ ಮನೆಯವರೇ ಗುಹೆಗಳಲ್ಲಿ, ದನದ ಕೊಟ್ಟಿಗೆಗಳಲ್ಲಿ ಬಚ್ಚಿಟ್ಟಿದ್ದ ರೋಗಿಗಳನ್ನು ಹುಡುಕಿ ತಂದರು. 1996ರಲ್ಲಿ ಪಾಕಿಸ್ತಾನದಲ್ಲಿ ರೋಗ ಹತೋಟಿಗೆ ಬಂದಿದೆಯೆಂದು ಘೋಷಿಸಲಾಯಿತು. 2017ರಲ್ಲಿ ಅವರು ತೀರಿಕೊಂಡಾಗ ಸಕಲ ಸರಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಇನ್ನೊಂದು ನಿದರ್ಶನ ಜೋರ್ಡಾನ್. ಎರಡು ದಶಕಗಳಿಗೂ ಹೆಚ್ಚು ಕಾಲ ಸ್ಥಳೀಯವಾಗಿ ಒಂದೂ ಹೊಸ ಪ್ರಕರಣವಿಲ್ಲದ ಈ ದೇಶವು ಕುಷ್ಠವನ್ನು ಸಂಪೂರ್ಣ ನಿವಾರಿಸಿದೆಯೆಂದು 2024ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೃಢೀಕರಿಸಿತು. ಇಂತಹ ಮನ್ನಣೆ ಪಡೆದ ಜಗತ್ತಿನ ಮೊದಲ ದೇಶವದು. ಉಮರ್(ರ) ಕುಷ್ಠಪೀಡಿತರಿಗೆ ಆಹಾರ ಗೊತ್ತುಪಡಿಸಿದ ಜಾಬಿಯಾದ ಸೀಮೆಗೆ ಜೋರ್ಡಾನ್ ಬಹಳ ದೂರವಲ್ಲ.

ಕಾಯ್ದೆ ಪುಸ್ತಕದಲ್ಲಿ ಉಳಿದ ಕಲೆ

ರೋಗಕ್ಕೆ ಮದ್ದು ಬಂದ ಮೇಲೂ ಕಾಯ್ದೆಗಳು ಬದಲಾಗಲಿಲ್ಲ. ಜಪಾನ್ ತನ್ನ ಪ್ರತ್ಯೇಕತೆಯ ಕಾಯ್ದೆಯನ್ನು ರದ್ದುಪಡಿಸಿದ್ದು 1996ರಲ್ಲಿ. 1898ರ ನಮ್ಮ ಲೆಪರ್ಸ್ ಆ್ಯಕ್ಟ್ ರದ್ದಾದದ್ದು 2016ರಲ್ಲಿ.

ನಮ್ಮ ಕುಟುಂಬಗಳಿಗೆ ನೇರವಾಗಿ ಸಂಬಂಧಿಸಿದ ಇನ್ನೊಂದು ಕಾಯ್ದೆಯಿದೆ. 1939ರ ಮುಸ್ಲಿಮ್ ವಿವಾಹ ವಿಚ್ಛೇದನ ಕಾಯ್ದೆಯು ನ್ಯಾಯಾಲಯದ ಮೂಲಕ ಬಿಡುಗಡೆ ಪಡೆಯಲು ಮಹಿಳೆಗೆ ನೀಡಿದ ಕಾರಣಗಳಲ್ಲಿ ಪತಿಯ ಕುಷ್ಠರೋಗವೂ ಒಂದಾಗಿತ್ತು. ಗುಣವಾಗದ, ಹರಡುವ ರೋಗವೆಂದು ತಿಳಿದಿದ್ದ ಕಾಲದಲ್ಲಿ ಮಹಿಳೆಯ ರಕ್ಷಣೆಗಾಗಿ ಇಟ್ಟ ಮಾತದು. ಅಂದು ಅದರಲ್ಲಿ ಅನ್ಯಾಯವಿರಲಿಲ್ಲ. ಕಾಯ್ದೆ ಬಂದ ಎರಡೇ ವರ್ಷಗಳಲ್ಲಿ ಕಾರ್ವಿಲ್‌ನಲ್ಲಿ ಮದ್ದು ಕಂಡುಬಂತು. ಆದರೆ ಆ ಮಾತು ಕಾಯ್ದೆಯಲ್ಲಿ 80 ವರ್ಷ ಹಾಗೆಯೇ ಉಳಿಯಿತು. ಹಿಂದೂ, ಕ್ರೈಸ್ತ ಮತ್ತು ವಿಶೇಷ ವಿವಾಹ ಕಾನೂನುಗಳಲ್ಲೂ ಇಂತಹ ಅಂಶವಿತ್ತು. ಈ ತಾರತಮ್ಯವನ್ನು ತೆಗೆಯಬೇಕೆಂದು ಕಾನೂನು ಆಯೋಗ 2015ರಲ್ಲಿ ಶಿಫಾರಸು ಮಾಡಿತು. 2019ರ ತಿದ್ದುಪಡಿ ಕಾಯ್ದೆಯು ಐದು ವೈಯಕ್ತಿಕ ಕಾನೂನುಗಳಿಂದ ಅದನ್ನು ಅಳಿಸಿತು.

ಕಾಯ್ದೆಯ ಸಾಲನ್ನು ಸಂಸತ್ತು ಅಳಿಸಬಲ್ಲದು. ಮನಸ್ಸಿನ ಸಾಲನ್ನು ಅಳಿಸಬೇಕಾದವರು ನಾವೇ. ನಿಕಾಹ್ ಮಾತುಕತೆಯಲ್ಲಿ, ಹುಡುಗಿಯ ತಾತನಿಗೆ ಆ ರೋಗವಿತ್ತಂತೆ ಎಂಬ ಪಿಸುಮಾತು ಇಂದಿಗೂ ಸಂಬಂಧವನ್ನು ಕೆಡಿಸುತ್ತದೆ. ರೋಗವು ವಂಶದಿಂದ ಬರುವುದಿಲ್ಲವೆಂದು ಬರ್ಗೆನ್‌ನಲ್ಲಿ ತಿಳಿದು ಬಂದು 150 ವರ್ಷ ದಾಟಿದೆ. ಚಿಕಿತ್ಸೆ ಮುಗಿಸಿದ ಸೊಸೆಯ ತಟ್ಟೆ ಲೋಟ ಬೇರೆ ಇಡುವ ಮನೆಗಳಿವೆ. ಶುಕ್ರವಾರ ಮಸೀದಿಯ ಗೇಟಿನಲ್ಲಿ ಕುಳಿತವರ ಮೊಂಡು ಕೈಗಳಿಗೆ ಮುಟ್ಟದಂತೆ ನಾಣ್ಯ ಎಸೆದು, ದಾನ ಮಾಡಿದೆವೆಂಬ ತೃಪ್ತಿಯಿಂದ ನಾವು ಒಳನಡೆಯುತ್ತೇವೆ. ಹಳೆಯ ಗಾಯದ ಗುರುತುಳ್ಳ ಆ ಕೈಗಳಲ್ಲಿ ಬಹುತೇಕ ರೋಗವೇ ಇರುವುದಿಲ್ಲ, ಅದು ಎಂದೋ ಗುಣವಾಗಿರುತ್ತದೆ. ಅವರು ಕೈಯೊಡ್ಡದಂತೆ ವೇತನ ನಿಗದಿಪಡಿಸಿದ ಚರಿತ್ರೆ ನಮ್ಮದು. ಅವರನ್ನು ಗೇಟಿನಲ್ಲೇ ಉಳಿಸಿದ ವರ್ತಮಾನವೂ ನಮ್ಮದೇ.

ನಾವು ಮಾಡಬಹುದಾದದ್ದು

ಈ ರೋಗದ ಕುರಿತು ಪ್ರತಿಯೊಂದು ಮನೆಯಲ್ಲೂ ತಿಳಿದಿರಬೇಕಾದ ವಿಷಯಗಳು ಕೆಲವೇ. ಮೈಮೇಲೆ ಮಾಸಲು ಬಿಳಿ ಅಥವಾ ಕೆಂಪು ಬಣ್ಣದ ಮಚ್ಚೆಯಿದ್ದು ಅಲ್ಲಿ ಸ್ಪರ್ಶ, ಬಿಸಿ, ನೋವು ತಿಳಿಯದಿದ್ದರೆ ತಡ ಮಾಡಬಾರದು. ಕೈಕಾಲುಗಳಲ್ಲಿ ಜೋಮು, ಬಲಹೀನತೆ, ನೋವಿಲ್ಲದ ಗಾಯ, ಕಿವಿ ಅಥವಾ ಮುಖದ ಚರ್ಮ ದಪ್ಪಗಾಗುವುದು ಕೂಡಾ ಸೂಚನೆಗಳು. ಮಚ್ಚೆಯಲ್ಲಿ ನೋವಿಲ್ಲವೆಂದು ಸುಮ್ಮನಿರುವುದೇ ಇಲ್ಲಿ ದೊಡ್ಡ ತಪ್ಪು. ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆ ಮತ್ತು ಔಷಧ ಉಚಿತ. ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗ ಸ್ತ್ರೀಯರು, ಮಕ್ಕಳು ಸಂಕೋಚವಿಲ್ಲದೆ ಸಹಕರಿಸಬೇಕು.

ಈ ರೋಗ ಸುಲಭವಾಗಿ ಹರಡುವುದಿಲ್ಲ. ಚಿಕಿತ್ಸೆಯಿಲ್ಲದ ರೋಗಿಯೊಂದಿಗೆ ದೀರ್ಘಕಾಲದ ನಿಕಟ ಸಂಪರ್ಕವಿದ್ದರೆ ಮಾತ್ರ, ಮುಖ್ಯವಾಗಿ ಮೂಗು ಬಾಯಿಯ ತುಂತುರಿನಿಂದ ಹರಡುತ್ತದೆ. ಹೆಚ್ಚಿನವರ ದೇಹಕ್ಕೆ ಅದನ್ನು ತಡೆಯುವ ಶಕ್ತಿ ಸಹಜವಾಗಿಯೇ ಇದೆ. ಚಿಕಿತ್ಸೆ ಆರಂಭವಾದ ಮೇಲೆ ರೋಗಿಯಿಂದ ಇತರರಿಗೆ ಹರಡುವುದಿಲ್ಲ. ಹಸ್ತಲಾಘವದಿಂದ, ಜೊತೆಯಲ್ಲಿ ಉಣ್ಣುವುದರಿಂದ, ನಮಾಝ್‌ನ ಸಫ್‌ನಲ್ಲಿ ಭುಜ ತಾಗುವುದರಿಂದ ಬರುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ರೋಗವಿದ್ದರೆ ಉಳಿದವರಿಗೆ ಮುಂಜಾಗ್ರತೆಯಾಗಿ ಒಂದು ಬಾರಿ ರಿಫಾಂಪಿಸಿನ್ ನೀಡುವ ಕ್ರಮವೂ ಈಗ ಇದೆ.

ದೇಶದಲ್ಲಿ ಜನವರಿ 30ರಂದು ಕುಷ್ಠರೋಗ ನಿವಾರಣಾ ದಿನವನ್ನು ಆಚರಿಸಲಾಗುತ್ತದೆ. ಅದಕ್ಕೆ ಸಮೀಪದ ಜುಮಾ ಖುತ್ಬಾದಲ್ಲಿ ನಮ್ಮ ಖತೀಬರು ಹತ್ತು ನಿಮಿಷ ಈ ವಿಷಯ ಹೇಳಬಹುದು. ಮದ್ರಸದ ಮಕ್ಕಳಿಗೆ ಮುಅಯ್‌ಕೀಬ್(ರ)ರ ಕಥೆ ತಿಳಿಸಬಹುದು. ಜಮಾಅತ್‌ನ ಝಕಾತ್ ಸಮಿತಿಗಳು ಗುಣಮುಖರಾದವರಿಗೆ ಚಿಲ್ಲರೆಯ ಬದಲು ಕೆಲಸ ಒದಗಿಸುವ ಬಗ್ಗೆ ಯೋಚಿಸಬಹುದು.

ಸಿಂಹದಿಂದ ದೂರ ಓಡುವಂತೆ ಹೇಳಿದ ಹದೀಸನ್ನು ಇಂದಿಗೂ ಕೆಲವರು ಉದಾಹರಿಸುತ್ತಾರೆ. ಅಂದು ಆ ಸಿಂಹಕ್ಕೆ ಹಲ್ಲುಗಳಿದ್ದವು. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದನ್ನು ಇಟ್ಟಿದ್ದಾನೆ ಎಂದೂ ಅದೇ ಪ್ರವಾದಿವರ್ಯರು(ಸ) ಕಲಿಸಿದರು. ಉಮರ್(ರ) ಹುಡುಕಿ ಹುಡುಕಿ ಪೂರ್ತಿಯಾಗಿ ಪಡೆಯಲಾಗದ ಆ ಮದ್ದು ಇಂದು ನಮ್ಮೂರಿನ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಉಚಿತವಾಗಿ ಸಿಗುತ್ತದೆ. ಮದ್ದಿಲ್ಲದ ಕಾಲದಲ್ಲೇ ಅವರು ಮುಅಯ್‌ಕೀಬ್(ರ)ರನ್ನು ತಮ್ಮ ಊಟಕ್ಕೆ ಕರೆದಿದ್ದರು. ಮದ್ದಿರುವ ಕಾಲದ ನಾವು ಗುಣಮುಖರಾದವರ ತಟ್ಟೆಯನ್ನು ದೂರವಿಟ್ಟರೆ, ಅದಕ್ಕೆ ರೋಗದ ನೆಪ ಹೇಳಲು ನಮಗೆ ಯಾವ ಹಕ್ಕೂ ಇಲ್ಲ. ಅಲ್ಲಾಹನು ರೋಗಪೀಡಿತರಿಗೆ ಗುಣವನ್ನೂ ನಮಗೆ ಮೃದು ಹೃದಯವನ್ನೂ ಕರುಣಿಸಲಿ.